ಗಣಕದ ಕನ್ನಡ ಪಾಠದಲ್ಲಿ ಗ್ರಂಥಪಾತ: ಸ್ಥಳೀಯ ಸರ್ವರಿನ ದೋಷಗಳ ಚರಿತ್ರೆ

(೧)

ಕೊಪ್ಪಳದ ಸೀಮೆಯು ಬರವಣಿಗೆಯ ಚರಿತ್ರೆಯಲ್ಲಿ ಎರಡು ಕಾರಣಗಳಿಂದ ಪ್ರಸಿದ್ಧವಾಗಿದೆ. ಗವಿಮಠ ಮತ್ತು ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಅಶೋಕನ ಧರ್ಮಲಿಪಿಗಳು ಇರುವುದೂ ಅವು ೧೯೩೧ರಲ್ಲಿ ವಿದ್ವಾಂಸರ ಗಮನಕ್ಕೆ ಬಂದುದೂ ಸರ್ವರಿಗೂ ತಿಳಿದ ಸಂಗತಿ. ಕವಿರಾಜಮಾರ್ಗಕಾರನು ಕನ್ನಡದ ತಿರುಳಿನ ನಾಡನ್ನು ಹೇಳುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಕೊಪಣನಗರವನ್ನೂ ಎಣಿಸಿರುವುದು ಎರಡನೆಯ ಕಾರಣ. ಈ ಸೀಮೆಯಲ್ಲಿಯೇ, ಗಂಗಾವತಿಯ ಕಡೆಗೆ, ತುಂಗಭದ್ರೆಯ ಉತ್ತರ ದಡದಲ್ಲಿ, ಆನೆಗೊಂದಿಗೂ ಅಂಜನಾದ್ರಿಗೂ ಸಮೀಪವಾಗಿ ಹನುಮನಹಳ್ಳಿಯೆಂಬ ಊರು ಇದೆ. ಪ್ರಕೃತ ಲೇಖನದ ವಿಷಯವು ಈ ಊರಿನ ಪ್ರಾಚೀನತೆಯಲ್ಲ. ಊರಿನ ಹೆಸರನ್ನು ಗಣಕದಲ್ಲಿ ಬರೆದಿಟ್ಟರೆ ಆ ಆರು ಅಕ್ಷರಗಳಿಗೆ ಏನಾಗುತ್ತದೆ, ಏತಕ್ಕೆ ಹಾಗಾಗುತ್ತದೆ ಎಂಬ ವಿಚಾರ.

ಈ ವಿಚಾರವು ನಮ್ಮ ವಾಚಕರಿಗೆ ಹೊರಗಿನದೆಂದು ಯಾರೂ ಭಾವಿಸಬಾರದು. ಊರಿನ ಹೆಸರುಗಳು, ಶಾಸನಪಾಠಗಳು, ಜನಪದಗೀತೆಗಳು, ಗಾದೆಗಳು ಇವೇ ಮೊದಲಾದುವನ್ನು ಸಂಗ್ರಹಿಸುವ ಅಧ್ಯಾಪಕರು ಈಗ ಅವನ್ನು ಕಾಗದದ ಚೀಟಿಗಳಲ್ಲಿ ಮಾತ್ರವೇ ಇಡುವುದಿಲ್ಲ. ಬೇಕಾದ ಪದವನ್ನು ಹುಡುಕುವುದಕ್ಕೆ ಅನುಕೂಲವಾಗಲೆಂದು ತಮ್ಮ ಗಣಕದಲ್ಲಿಯೇ ಒಂದು ಚಿಕ್ಕ ಸರ್ವರನ್ನು ಸ್ಥಾಪಿಸಿ, ಪಿಎಚ್‌ಪಿ ಎಂಬ ಭಾಷೆಯಲ್ಲಿ ನಾಲ್ಕು ಸಾಲು ಬರೆದು, ಸಂಗ್ರಹವನ್ನು ಕೋಷ್ಟಕಗಳಲ್ಲಿ ತುಂಬುವವರು ಉಂಟು. ಇವರಿಗೆ ಮೊದಲ ದಿನವೇ ತೊಡಕುಗಳು ಎದುರಾಗುತ್ತವೆ. ಪುಟ ತೆರೆಯುವುದಿಲ್ಲ, ತೆರೆದರೆ ಬರಿದಾಗಿರುತ್ತದೆ, ಬರಿದಲ್ಲದಿದ್ದರೆ ಕನ್ನಡವಿರಬೇಕಾದ ಎಡೆಯಲ್ಲಿ ಪ್ರಶ್ನೆಚಿಹ್ನೆಗಳ ಸಾಲು ನಿಂತಿರುತ್ತದೆ. ಇವೆಲ್ಲ ತಮ್ಮ ಅಜ್ಞಾನದ ಫಲವೆಂದು ಅವರು ಕೈಬಿಡುವುದುಂಟು. ಆದರೆ ವಿಚಾರಿಸಿ ನೋಡಿದರೆ, ಈ ದೋಷಗಳಲ್ಲಿ ಬಹುಪಾಲು ಬರೆದವರವಲ್ಲ. ಕನ್ನಡದ ಗಣನೆಯೇ ಇಲ್ಲದ ಕಾಲದಲ್ಲಿ, ದೂರದ ದೇಶಗಳಲ್ಲಿ ಮಾಡಿದ ನಿರ್ಣಯಗಳ ಶೇಷಗಳು. ಓಲೆಗರಿಯ ಸ್ಖಾಲಿತ್ಯಗಳಿಂದ ಆ ಪ್ರತಿಯ ವಂಶವನ್ನು ನಿರ್ಣಯಿಸುವಂತೆ, ಇವುಗಳಿಂದಲೂ ಪಾಠವು ಎಲ್ಲಿ ಕೆಟ್ಟಿತೆಂಬುದನ್ನು ನಿರ್ಣಯಿಸಬಹುದು. ಇದನ್ನು ಸಾಧಿಸುವುದೇ ಈ ಲೇಖನದ ಉದ್ದೇಶ.

(೨)

ಮೊದಲು ಸರ್ವರ್ ಎಂದರೇನೆಂಬುದನ್ನು ಸಂಗ್ರಹವಾಗಿ ಹೇಳಬೇಕು. ಕೇಳಿದವರಿಗೆ ಕೇಳಿದ ಪುಟವನ್ನು ಒದಗಿಸುವ ತಂತ್ರಾಂಶವೇ ಸರ್ವರ್. ಪುಟವನ್ನು ಕೇಳಿ ಪಡೆದು ಕಣ್ಣಿಗೆ ತೋರಿಸುವುದು ಬ್ರೌಸರ್. ಟಿಮ್ ಬರ್ನರ್ಸ್‌ಲೀ ಎಂಬವರು ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿ ೧೯೮೯ರಲ್ಲಿ ಸೂಚಿಸಿ, ೧೯೯೧ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟ ವ್ಯವಸ್ಥೆಯಲ್ಲಿ ಸರ್ವರಿನ ಮುಖ್ಯ ಕೆಲಸವು ಗ್ರಂಥಪಾಲಕನ ಕೆಲಸದಂತೆ ಇತ್ತು: ಇದ್ದ ಕಡತವನ್ನು ಇದ್ದ ಹಾಗೆಯೇ ತೆಗೆದುಕೊಡುವುದು. ೧೯೯೩ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ಸಿಜಿಐ ಎಂಬ ಏರ್ಪಾಡು ರೂಪುಗೊಂಡಿತು. ಇದರಿಂದ ಸರ್ವರು ಬೇರೊಂದು ತಂತ್ರಾಂಶವನ್ನು ನಡೆಸಿ, ಅದು ಆಗತಾನೆ ಬರೆದುಕೊಟ್ಟ ಪುಟವನ್ನು ಕಳುಹಿಸುವುದು ಕ್ರಮಬದ್ಧವಾಯಿತು. ಗ್ರಂಥಪಾಲಕನ ಪಕ್ಕದಲ್ಲಿ ಒಬ್ಬ ಲಿಪಿಕಾರನು ಬಂದು ಕುಳಿತನೆಂದು ಹೇಳಬಹುದು.

ರಾಸ್ಮಸ್ ಲೆರ್ಡೋರ್ಫ್ ಎಂಬವರು ತಮ್ಮ ಪರಿಚಯಪತ್ರವನ್ನು ಎಷ್ಟು ಜನ ನೋಡುತ್ತಾರೆಂದು ತಿಳಿಯುವುದಕ್ಕಾಗಿ ೧೯೯೪ರಲ್ಲಿ ಕೆಲವು ಸಾಧನಗಳನ್ನು ಬರೆದುಕೊಂಡರು; ೧೯೯೫ರ ಜೂನ್ ತಿಂಗಳಲ್ಲಿ ಅವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅದೇ ಪಿಎಚ್‌ಪಿಯ ಮೂಲ. ಅದೇ ವರ್ಷ ಎನ್‌ಸಿಎಸ್‌ಎ ಸರ್ವರಿಗೆ ಹಾಕಿದ ತೇಪೆಗಳಿಂದ ಅಪಾಚೆ ಸರ್ವರೂ, ಸ್ವೀಡನ್ ದೇಶದಲ್ಲಿ ಮೈಎಸ್‌ಕ್ಯೂಎಲ್ ಎಂಬ ದತ್ತಸಂಚಯವೂ ಹುಟ್ಟಿದುವು. ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಹೊಸಬರ ಗಣಕದಲ್ಲಿ ಸುಲಭವಾಗಿ ಸ್ಥಾಪನೆಯಾಗುವಂತೆ ಮಾಡಿದ ‘ಎಕ್ಸಾಂಪ್’ ಎಂಬುದು ೨೦೦೨ರಲ್ಲಿ ಬಂದಿತು. ನಮ್ಮ ನಾಡಿನ ವಿದ್ಯಾರ್ಥಿಗಳು ಅನೇಕರು ಈ ಗಂಟಿನಿಂದಲೇ ಅಭ್ಯಾಸಕ್ಕೆ ತೊಡಗಿದವರು.

ಇಲ್ಲಿ ಗಮನಿಸತಕ್ಕ ಸಂಗತಿ ಒಂದಿದೆ. ಅಪಾಚೆ, ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಮೂರೂ ಪಶ್ಚಿಮ ಯೂರೋಪಿನ ಲಿಪಿಯನ್ನೇ ಲೋಕದ ಲಿಪಿಯೆಂದು ಎಣಿಸಿದ ಕಾಲದವು. ಆಗ ವಾಡಿಕೆಯಲ್ಲಿದ್ದ ಲ್ಯಾಟಿನ್-೧ ಎಂಬ ಸಂಕೇತಮಾಲೆಯಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟು; ಒಟ್ಟು ೨೫೬ ಸ್ಥಾನಗಳು. ಅದರಲ್ಲಿ ಕನ್ನಡಕ್ಕೆ ಒಂದು ಸ್ಥಾನವೂ ಇಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಬಳಸುವವನು ಬೇರೆ ಹೇಳದಿದ್ದರೆ ಲ್ಯಾಟಿನ್-೧ ಲಿಪಿಯೂ ಸ್ವೀಡನ್ ಭಾಷೆಯ ಅಕಾರಾದಿಯೂ ಅನ್ವಯಿಸುತ್ತಿದ್ದುವು. ಈ ನಿಯಮವು ೨೦೧೮ರಲ್ಲಿ ೮.೦ನೆಯ ಆವೃತ್ತಿ ಬರುವ ವರೆಗೂ ನಡೆಯಿತು. ಆದಕಾರಣ ಕೊಪ್ಪಳದ ಊರುಗಳ ಹೆಸರುಗಳನ್ನು ಸ್ವೀಡನ್ನಿನ ಕ್ರಮದಲ್ಲಿ ಜೋಡಿಸಲು ಯಂತ್ರವು ಯತ್ನಿಸಿದ್ದು ಆಶ್ಚರ್ಯವಲ್ಲ.

(೩)

ಇನ್ನು ಗಣಕಕ್ಕೆ ಕನ್ನಡವು ಬಂದ ಬಗೆ. ಭಾರತೀಯ ಲಿಪಿಗಳಿಗಾಗಿ ಇಸ್ಕಿ ಎಂಬ ಸಂಕೇತಮಾಲೆಯು ೧೯೯೧ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಅದೇ ವರ್ಷ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ವಿಭಾಗವು ದೊರೆಯಿತು. ಯೂನಿಕೋಡಿನ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-೮ ಎಂಬ ಪದ್ಧತಿಯನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ೧೯೯೨ರಲ್ಲಿ ರೂಪಿಸಿದರು. ಹೀಗಿರಲು, ಸರ್ವರುಗಳು ಬಲಗೊಳ್ಳುವುದಕ್ಕೆ ಮೊದಲೇ ಕನ್ನಡಕ್ಕೆ ಸರಿಯಾದ ಸಂಕೇತವು ಸಿದ್ಧವಾಗಿತ್ತೆಂದು ತೋರಬಹುದು. ಆದರೆ ಸಂಕೇತವಿರುವುದು ಬೇರೆ, ಅದನ್ನು ಓದಿ ಒತ್ತಕ್ಷರಗಳನ್ನು ಕೂಡಿಸಿ ತೋರಿಸುವ ಶಕ್ತಿ ಗಣಕಕ್ಕಿರುವುದು ಬೇರೆ. ಮನೆಮನೆಯ ಗಣಕಗಳಲ್ಲಿ ಈ ಶಕ್ತಿಯು ೨೦೦೧ರ ವಿಂಡೋಸ್ ಎಕ್ಸ್‌ಪಿಯೊಡನೆ, ಅದರ ‘ತುಂಗಾ’ ಅಕ್ಷರರೂಪದ ಮೂಲಕ, ಬಂದಿತು.

ನಡುವಣ ಹತ್ತು ವರ್ಷಗಳಲ್ಲಿ ಕನ್ನಡಿಗರು ಕೈಕಟ್ಟಿ ಕುಳಿತಿರಲಿಲ್ಲ. ೧೯೯೬ರಲ್ಲಿ ಯು. ಬಿ. ಪವನಜರ ‘ವಿಶ್ವಕನ್ನಡ’ವು ಅಂತರಜಾಲದಲ್ಲಿ ಕಾಣಿಸಿಕೊಂಡಿತು. ೧೯೯೮ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ವೂ, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಂದುವು. ಆ ಕಾಲದ ಉಪಾಯವೇನೆಂದರೆ, ಲ್ಯಾಟಿನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಗುಣಿತ, ಒತ್ತುಗಳ ಆಕೃತಿಗಳನ್ನು ಕೂರಿಸುವುದು. ಕಣ್ಣಿಗೆ ಅದು ಕನ್ನಡ; ಯಂತ್ರಕ್ಕೆ ಅದು ಲ್ಯಾಟಿನ್ ಚಿಹ್ನೆಗಳ ಒಂದು ರಾಶಿ. ಇದರಿಂದ ಅಸಂಖ್ಯಾತ ಪುಸ್ತಕಗಳು ಅಚ್ಚಾದುವು. ಆ ಉಪಕಾರವನ್ನು ಮರೆಯಬಾರದು. ಆದರೆ ಆ ರೂಪದಲ್ಲಿಯೇ ಸರ್ವರಿಗೆ ಸೇರಿದ ಪಾಠದಲ್ಲಿ ಯೂನಿಕೋಡಿನ ಪದವನ್ನು ಹುಡುಕಿದರೆ ಸಿಕ್ಕುವುದಿಲ್ಲ.

೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವು ಇಲ್ಲಿ ವಿಶೇಷವಾಗಿ ಉಲ್ಲೇಖಾರ್ಹ. ಅದನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶವು ಪಿಎಚ್‌ಪಿಯಲ್ಲಿಯೇ ಬರೆದುದು. ೨೦೦೫ರ ‘ಸಂಪದ’ವು ಆಶ್ರಯಿಸಿದ ಡ್ರೂಪಲ್ ಸಹ ಪಿಎಚ್‌ಪಿಯದೇ. ಮೈಎಸ್‌ಕ್ಯೂಎಲ್‌ಗೆ ಯೂನಿಕೋಡಿನ ಜ್ಞಾನವು ಬಂದುದು ೨೦೦೪ರ ೪.೧ನೆಯ ಆವೃತ್ತಿಯಿಂದ. ಅದಕ್ಕೆ ಮೊದಲು ಪಾಠವನ್ನು ಉಳಿಸಿಕೊಳ್ಳುವ ಮಾರ್ಗವು ಒಂದೇ: ದತ್ತಸಂಚಯವು ಅದನ್ನು ಓದದಂತೆ, ಬರಿಯ ಬೈಟುಗಳ ಸಾಲೆಂದು ಎಣಿಸಿ ಇಟ್ಟುಕೊಳ್ಳುವಂತೆ ಮಾಡುವುದು. ಮೀಡಿಯಾವಿಕಿಯವರು ಈ ಮಾರ್ಗವನ್ನೇ ಹಿಡಿದರು. ಓದಲು ಬಾರದ ಲಿಪಿಕಾರನು ತನ್ನ ಬುದ್ಧಿಯನ್ನು ಸೇರಿಸದೆ, ಕಂಡ ಗೆರೆಗಳನ್ನೇ ನಕಲು ಮಾಡಿದರೆ ಪಾಠವು ಉಳಿಯುತ್ತದೆ ಎಂಬ ನಮ್ಮ ಸಂಪಾದಕರ ಅನುಭವವು ಇಲ್ಲಿಯೂ ಸಂವಾದಿಯಾಗಿದೆ.

(೪)

ಈಗ ದೋಷಗಳನ್ನು ವಿಚಾರಿಸೋಣ. ಇವು ಎರಡು ವರ್ಗ. ಪಾಠವೇ ಕಾಣದಂತೆ ಮಾಡುವುವು ಒಂದು. ಪಾಠವನ್ನು ಕೆಡಿಸುವುವು ಇನ್ನೊಂದು. ಮೊದಲಿನವು ಭಯಂಕರವಾಗಿ ಕಂಡರೂ ನಿರಪಾಯವಾದುವು.

ಹೊಸಬರು ಪಿಎಚ್‌ಪಿ ಕಡತವನ್ನು ನೇರವಾಗಿ ತೆರೆಯುತ್ತಾರೆ. ಆಗ ಬರೆದ ಆದೇಶಗಳೇ ಕಾಣುತ್ತವೆ, ಅಥವಾ ಏನೂ ಕಾಣುವುದಿಲ್ಲ. ಕಾರಣ, ಗ್ರಂಥಪಾಲಕನೂ ಲಿಪಿಕಾರನೂ ನಡುವೆ ಬರಲೇ ಇಲ್ಲ. ಕಡತವನ್ನು ಸರ್ವರಿಗೆ ಗೊತ್ತಾದ ಕೋಶದಲ್ಲಿಟ್ಟು, ಬ್ರೌಸರಿನಲ್ಲಿ ‘ಲೋಕಲ್‌ಹೋಸ್ಟ್’ ಎಂಬ ವಿಳಾಸದಿಂದ ಕೇಳಬೇಕು. ಅಪಾಚೆಯು ಏಳದಿರುವುದು ಇನ್ನೊಂದು ತೊಡಕು. ಜಾಲದ ಪುಟಗಳಿಗೆ ೮೦ನೆಯ ಪೋರ್ಟು ವಾಡಿಕೆಯ ಬಾಗಿಲು. ವಿಂಡೋಸಿನದೇ ಆದ ಸರ್ವರು ಅಲ್ಲಿ ಮೊದಲೇ ಕುಳಿತಿದ್ದರೆ ಎರಡನೆಯವರಿಗೆ ಪ್ರವೇಶವಿಲ್ಲ. ಕೆಲವು ವರ್ಷ ಸ್ಕೈಪ್ ತಂತ್ರಾಂಶವೂ ಈ ಬಾಗಿಲನ್ನು ಹಿಡಿಯುತ್ತಿತ್ತು. ಅಪಾಚೆಯ ವಿನ್ಯಾಸದ ಕಡತದಲ್ಲಿ ೮೦ರ ಬದಲು ೮೦೮೦ ಎಂದು ಬರೆದು, ವಿಳಾಸದ ಕೊನೆಯಲ್ಲಿಯೂ ಅದನ್ನೇ ಸೇರಿಸಿದರೆ ವಿವಾದವು ತೀರುತ್ತದೆ.

ಪುಟವು ಬರಿದಾಗಿ ಬಂದರೆ ಪಿಎಚ್‌ಪಿಯು ಮೌನವ್ರತವನ್ನು ಹಿಡಿದಿದೆಯೆಂದು ತಿಳಿಯಬೇಕು. ತಪ್ಪುಗಳನ್ನು ಲೋಕಕ್ಕೆ ತೋರಿಸಬಾರದೆಂಬ ವಿನ್ಯಾಸವು ಸಾರ್ವಜನಿಕ ಸರ್ವರಿಗೆ ಯುಕ್ತ. ಅಭ್ಯಾಸದ ಗಣಕಕ್ಕೆ ಅಲ್ಲ. ತಪ್ಪು ತೋರಿಸುವ ವಿನ್ಯಾಸವನ್ನು ಚಾಲನೆ ಮಾಡಬೇಕು, ಅಥವಾ ಅಪಾಚೆಯ ದೋಷದ ದಿನಚರಿಯನ್ನು ತೆರೆದು ಕೊನೆಯ ಸಾಲನ್ನು ಓದಬೇಕು. ಯಾವ ಕಡತದ ಎಷ್ಟನೆಯ ಸಾಲೆಂಬುದು ಸಾಮಾನ್ಯವಾಗಿ ಅಲ್ಲಿಯೇ ಬರೆದಿರುತ್ತದೆ.

ಪುಸ್ತಕದಲ್ಲಿದ್ದಂತೆಯೇ ಬರೆದರೂ ನಡೆಯದಿದ್ದರೆ ಪುಸ್ತಕದ ವರ್ಷವನ್ನು ನೋಡಬೇಕು. ಮೈಎಸ್‌ಕ್ಯೂಎಲ್‌ನೊಡನೆ ಮಾತನಾಡುವ ಹಳೆಯ ಆದೇಶಗಳ ಒಂದು ಗುಂಪನ್ನು ೨೦೧೩ರಲ್ಲಿ ತ್ಯಾಜ್ಯವೆಂದು ಸಾರಿ, ೨೦೧೫ರ ೭.೦ನೆಯ ಆವೃತ್ತಿಯಲ್ಲಿ ತೆಗೆದೇಬಿಟ್ಟರು. ನಮೂನೆಯಲ್ಲಿ ತುಂಬಿದ ಮಾತುಗಳು ತಾವಾಗಿಯೇ ಚರಗಳಾಗುವ ಪದ್ಧತಿಯು ೨೦೦೨ರಲ್ಲಿ ವಾಡಿಕೆಯಿಂದ ತಪ್ಪಿತು, ೨೦೧೨ರಲ್ಲಿ ಅಳಿಯಿತು. ಹಳೆಯ ವ್ಯಾಕರಣವನ್ನು ಹಿಡಿದು ಹೊಸ ಕಾವ್ಯವನ್ನು ಓದಿದಂತೆ ಇದು. ದೋಷವು ಓದುಗನದಲ್ಲ, ವ್ಯಾಕರಣದ ಕಾಲದ್ದು.

(೫)

ಎರಡನೆಯ ವರ್ಗಕ್ಕೆ ಬರೋಣ. ‘ಹನುಮನಹಳ್ಳಿ’ ಎಂಬ ಹೆಸರನ್ನು ನಾವು ಎಣಿಸಿದರೆ ಅಕ್ಷರಗಳು ೬. ಯೂನಿಕೋಡಿನಲ್ಲಿ ಉಕಾರದ ಕೊಂಬು, ವಿರಾಮ, ಇಕಾರದ ಗುಡಿಸು ಇವೂ ಪ್ರತ್ಯೇಕ ಸಂಕೇತಗಳಾದುದರಿಂದ ಸಂಕೇತಗಳು ೧೦. ಯುಟಿಎಫ್-೮ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ೩ ಬೈಟು ಬೇಕಾದುದರಿಂದ ಬೈಟುಗಳು ೩೦. ಉದ್ದವನ್ನು ಕೇಳುವ ಪಿಎಚ್‌ಪಿಯ ಮೂಲ ಆದೇಶವು ೩೦ ಎನ್ನುತ್ತದೆ. ಬಹುಬೈಟುಗಳನ್ನು ಬಲ್ಲ ಆದೇಶವು ೧೦ ಎನ್ನುತ್ತದೆ. ೬ ಎಂಬ ಉತ್ತರ ಬೇಕಾದರೆ ವಿರಾಮದ ಮುಂದಿನ ವ್ಯಂಜನವನ್ನೂ ಗುಣಿತವನ್ನೂ ಹಿಂದಿನದರೊಡನೆ ಕೂಡಿಸುವ ನಿಯಮವನ್ನು ನಾವೇ ಬರೆಯಬೇಕು. ಅಕ್ಷರಗಣಗಳನ್ನು ಗಣಕದಿಂದ ಎಣಿಸಬಯಸುವ ಛಂದಸ್ಸಿನ ಅಧ್ಯಾಪಕರು ಇದನ್ನು ಮರೆಯಬಾರದು. ಪಿಎಚ್‌ಪಿಯ ಒಳಗೇ ಯೂನಿಕೋಡನ್ನು ತರುವ ಉದ್ದೇಶದಿಂದ ೨೦೦೫ರಲ್ಲಿ ತೊಡಗಿದ ೬ನೆಯ ಆವೃತ್ತಿಯನ್ನು ೨೦೧೦ರಲ್ಲಿ ಕೈಬಿಟ್ಟರು. ೫ರ ಅನಂತರ ೭ ಬಂದುದಕ್ಕೆ ಇದೇ ಕಾರಣ.

ಈ ೬, ೧೦, ೩೦ ಎಂಬ ಮೂರು ಸಂಖ್ಯೆಗಳೇ ರೋಗನಿದಾನಕ್ಕೆ ಸಾಕು.

ಹೆಸರಿನ ಎಡೆಯಲ್ಲಿ ಅಪರಿಚಿತವಾದ ಯೂರೋಪಿನ ಚಿಹ್ನೆಗಳು ಸುಮಾರು ೩೦ ಕಂಡರೆ (ಕೆಲವು ಕಣ್ಣಿಗೆ ಬೀಳುವುದಿಲ್ಲ) ಪಾಠವು ಕೆಟ್ಟಿಲ್ಲ, ಓದಿದವನು ಕೆಟ್ಟಿದ್ದಾನೆ. ಒಂದೊಂದು ಬೈಟನ್ನೂ ಲ್ಯಾಟಿನ್-೧ರ ಒಂದೊಂದು ಅಕ್ಷರವೆಂದು ಓದಿದ ಫಲವಿದು. ಪುಟದ ತಲೆಯಲ್ಲಿ ಯುಟಿಎಫ್-೮ ಎಂದು ಘೋಷಿಸಿದರೆ ಹೆಸರು ಸರಿಯಾಗಿ ಕಾಣಬಹುದು. ಇದೇ ತಪ್ಪು ಓದು ದತ್ತಸಂಚಯದ ಬಾಗಿಲಲ್ಲಿ ನಡೆದು, ಒಳಗಿನ ಕೋಷ್ಟಕವು ಯುಟಿಎಫ್-೮ರದಾಗಿದ್ದರೆ, ೩೦ ಬೈಟುಗಳು ಎರಡನೆಯ ಬಾರಿ ಲಿಪ್ಯಂತರಗೊಂಡು ೬೦ ಆಗುತ್ತವೆ. ಆಗಲೂ ಹಿಂದಿರುಗಿಸುವುದು ಸಾಧ್ಯ. ಇದರಲ್ಲಿ ಒಂದು ಮೋಸವುಂಟು: ತಪ್ಪು ದಾರಿಯಲ್ಲಿ ಒಳಹೋದ ಪಾಠವು ಅದೇ ದಾರಿಯಲ್ಲಿ ಹೊರಬಂದರೆ ಸರಿಯಾಗಿಯೇ ಕಾಣುತ್ತದೆ. ಅನೇಕ ವರ್ಷ ಯಾರಿಗೂ ಸಂಶಯ ಬರುವುದಿಲ್ಲ. ಸಂಗ್ರಹವನ್ನು ಹೊಸ ಸರ್ವರಿಗೆ ಸಾಗಿಸಿದ ದಿನ ಎಲ್ಲವೂ ಒಮ್ಮೆಗೇ ಕೆಟ್ಟಂತೆ ತೋರುತ್ತದೆ.

ಅದೇ ಎಡೆಯಲ್ಲಿ ೧೦ ಪ್ರಶ್ನೆಚಿಹ್ನೆಗಳು ಕಂಡರೆ, ಪಾಠವು ಹೋಯಿತು. ಯಂತ್ರವು ಈ ಬಾರಿ ಕನ್ನಡವನ್ನು ಕನ್ನಡವೆಂದು ಸರಿಯಾಗಿಯೇ ಗುರುತಿಸಿತು. ಆದರೆ ಕೋಷ್ಟಕವು ಲ್ಯಾಟಿನ್-೧ರದಾಗಿದ್ದು, ಅಲ್ಲಿ ಕನ್ನಡಕ್ಕೆ ಸ್ಥಾನವಿಲ್ಲದೆ, ಒಂದೊಂದು ಸಂಕೇತದ ಬದಲು ಒಂದೊಂದು ಪ್ರಶ್ನೆಚಿಹ್ನೆಯನ್ನು ಬರೆದಿಟ್ಟಿತು. ಆ ಚಿಹ್ನೆಯಲ್ಲಿ ಹನುಮನಹಳ್ಳಿಯ ಯಾವ ಅಂಶವೂ ಇಲ್ಲ. ಅಷ್ಟೇ ಸಂಕೇತಗಳುಳ್ಳ ಬೇರೆ ಯಾವ ಹೆಸರಾದರೂ ಹೀಗೆಯೇ ಕಾಣುತ್ತದೆ. ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ಕನ್ನಡವನ್ನು ‘ಆನ್ಸಿ’ ಎಂಬ ಹಳೆಯ ರೂಪದಲ್ಲಿ ಉಳಿಸಿದರೂ ಇದೇ ಗತಿ. ಇದು ನಿಜವಾದ ಗ್ರಂಥಪಾತ.

ಹೆಸರು ‘ಹನುಮನಹ’ ಎಂದು ನಿಂತು ಮುಂದೆ ಒಂದು ಮುರಿದ ಚಿಹ್ನೆ ಬಂದರೆ ಮೂರನೆಯ ಬಗೆ. ೨೦ ಅಕ್ಷರಗಳ ಅಂಕಣವೆಂದು ವಿಧಿಸಿದ್ದು ಲ್ಯಾಟಿನ್-೧ರಲ್ಲಿ ೨೦ ಬೈಟುಗಳೇ ಆಗಿ, ೬ ಸಂಕೇತಗಳೂ ಏಳನೆಯದರ ೨ ಬೈಟುಗಳೂ ಒಳಗೆ ಉಳಿದು, ಮಿಕ್ಕದ್ದು ಕತ್ತರಿಸಿಹೋಗಿದೆ. ಹಳೆಯ ಮೈಎಸ್‌ಕ್ಯೂಎಲ್ ಹೀಗೆ ಕತ್ತರಿಸಿಯೂ ಕೆಲಸವನ್ನು ನಿಲ್ಲಿಸುತ್ತಿರಲಿಲ್ಲ, ೨೦೧೫ರ ೫.೭ನೆಯ ಆವೃತ್ತಿಯಿಂದ ಅದು ವಾಡಿಕೆಯಾಗಿ ನಿರಾಕರಿಸುತ್ತದೆ. ನಿರಾಕರಣೆಯನ್ನು ಕಂಡು ಕೋಪಿಸುವ ಹೊಸಬರು ಅದು ತಮ್ಮ ಪಾಠದ ರಕ್ಷಣೆಯೆಂದು ತಿಳಿಯಬೇಕು. ಇನ್ನು ಚೌಕದ ಪೆಟ್ಟಿಗೆಗಳು ಕಂಡರೆ ಅಕ್ಷರರೂಪವು ಗಣಕದಲ್ಲಿ ಇಲ್ಲವೆಂದಷ್ಟೇ ಅರ್ಥ, ಪಾಠವು ಕ್ಷೇಮವಾಗಿದೆ.

(೬)

ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕಶಾಸನಗಳು ಇಲ್ಲಿ ನೆನಪಿಗೆ ಬರುತ್ತವೆ. ಅವನ್ನು ಬರೆದ ಚಪಡನು ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ಬರೆದು, ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಆ ಕೊನೆಯ ಮಾತನ್ನು ಬ್ರಾಹ್ಮಿಯೆಂದೇ ಹಟ ಹಿಡಿದು ಓದಿದರೆ ಅರ್ಥವಾಗುವುದಿಲ್ಲ. ಆದರೆ ಕಲ್ಲಿನ ಗೆರೆಗಳು ಇರುವ ವರೆಗೆ, ಸರಿಯಾದ ಲಿಪಿಯನ್ನು ಬಲ್ಲವನು ಬಂದು ಓದಬಲ್ಲನು. ಓದಲಾರದವನೊಬ್ಬನು ಆ ಭಾಗವನ್ನು ಉಳಿಯಿಂದ ಕೆತ್ತಿ ಸಮಮಾಡಿದ್ದರೆ ಯಾವ ಪಂಡಿತನೂ ಮಾಡುವುದೇನೂ ಇರುತ್ತಿರಲಿಲ್ಲ. ಮೂವತ್ತು ಚಿಹ್ನೆಗಳಿಗೂ ಹತ್ತು ಪ್ರಶ್ನೆಚಿಹ್ನೆಗಳಿಗೂ ಇರುವ ಭೇದವು ಇದೇ.

ಗವಿಮಠದ ಪಾಠವನ್ನು ಬ್ರಾಹ್ಮಿ ಅಕ್ಷರಗಳಲ್ಲಿಯೇ ಗಣಕಕ್ಕೆ ಏರಿಸಬಯಸುವವರಿಗೆ ಇನ್ನೊಂದು ಎಚ್ಚರಿಕೆ. ಬ್ರಾಹ್ಮಿಗೆ ಯೂನಿಕೋಡಿನಲ್ಲಿ ೨೦೧೦ರಲ್ಲಿ ಸ್ಥಾನ ದೊರೆಯಿತು. ಅದರ ಒಂದೊಂದು ಸಂಕೇತಕ್ಕೂ ೪ ಬೈಟು ಬೇಕು. ಮೈಎಸ್‌ಕ್ಯೂಎಲ್‌ನ ಹಳೆಯ ‘ಯುಟಿಎಫ್೮’ ಕೋಷ್ಟಕವು ೩ ಬೈಟಿನ ವರೆಗೆ ಮಾತ್ರ ಹಿಡಿಯುತ್ತದೆ. ಕನ್ನಡಕ್ಕೆ ಅದು ಸಾಕು. ಅಶೋಕನ ಲಿಪಿಗೆ ಸಾಲದು. ಅದೇ ೨೦೧೦ರಲ್ಲಿ ಬಂದ ‘ಯುಟಿಎಫ್೮ಎಂಬಿ೪’ ಎಂಬುದನ್ನೇ ಆರಿಸಿಕೊಳ್ಳಬೇಕು.

ಮೇಲ್ಕಂಡ ವಿಚಾರದಿಂದ ನಿಷ್ಪನ್ನವಾಗುವ ಕ್ರಮವು ಹೀಗಿದೆ. ಪಾಠವು ನಾಲ್ಕು ಕೈಗಳನ್ನು ದಾಟಿ ಹೋಗುತ್ತದೆ: ಬರೆಯುವ ತಂತ್ರಾಂಶ, ಪುಟದ ಘೋಷಣೆ, ಪಿಎಚ್‌ಪಿಗೂ ದತ್ತಸಂಚಯಕ್ಕೂ ನಡುವಣ ಸಂಪರ್ಕ, ಕೊನೆಗೆ ಕೋಷ್ಟಕ. ಈ ನಾಲ್ಕು ಎಡೆಗಳಲ್ಲಿಯೂ ಯುಟಿಎಫ್-೮ ಎಂದು ಬಿಡಿಸಿ ಹೇಳಬೇಕು. ಮೂರರಲ್ಲಿ ಹೇಳಿ ಒಂದರಲ್ಲಿ ಮರೆತರೆ ಅಲ್ಲಿಯೇ ಕೆಡುಕು. ಕಡತದ ಮೊದಲಲ್ಲಿ ನೋಟ್‌ಪ್ಯಾಡು ಹಿಂದೆ ತಾನಾಗಿ ಸೇರಿಸುತ್ತಿದ್ದ ‘ಬಾಮ್’ ಎಂಬ ಮೂರು ಅದೃಶ್ಯ ಬೈಟುಗಳನ್ನು ಬಿಡಬೇಕು. ಅವು ಪುಟದ ಘೋಷಣೆಗೆ ಮೊದಲೇ ಹೊರಬಿದ್ದು ಪಿಎಚ್‌ಪಿಯ ಆಕ್ಷೇಪಣೆಗೆ ಕಾರಣವಾಗುತ್ತವೆ. ಎಲ್ಲಕ್ಕೂ ಮುಖ್ಯವಾಗಿ, ಕೆಟ್ಟಂತೆ ಕಂಡ ಪಾಠವನ್ನು ತಿದ್ದಿ ಮತ್ತೆ ಉಳಿಸುವುದಕ್ಕೆ ಮೊದಲು ಅದರ ಒಂದು ಪ್ರತಿಯನ್ನು ಇದ್ದಂತೆಯೇ ತೆಗೆದಿಡಬೇಕು. ಅವಸರದ ತಿದ್ದುಪಡಿಯೇ ಬಹುಬಾರಿ ಮೂವತ್ತನ್ನು ಹತ್ತಾಗಿ ಮಾಡುತ್ತದೆ.

(೭)

ದೋಷವು ಬಳಸುವವರದೇ ಅಲ್ಲ, ವಿಧಿಸಿದವರಲ್ಲಿಯೂ ಉಂಟೆಂಬುದಕ್ಕೆ ಹಳಗನ್ನಡದ ಅಧ್ಯಾಪಕರಿಗೆ ಪ್ರಿಯವಾದ ಒಂದು ಸಾಕ್ಷಿಯಿಂದ ಮುಗಿಸುತ್ತೇವೆ. ನಮ್ಮ ‘ೞ’ ಕಾರಕ್ಕೆ ಯೂನಿಕೋಡಿನಲ್ಲಿ ಸ್ಥಾನವಿದೆ. ಆದರೆ ಅದರ ಅಧಿಕೃತ ಹೆಸರು ‘ಕನ್ನಡ ಅಕ್ಷರ ಫ’ ಎಂದು ಇಂಗ್ಲಿಷಿನಲ್ಲಿ ದಾಖಲಾಗಿಹೋಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬುದು ಆ ಮಾನಕದ ನಿಯಮವಾದುದರಿಂದ, ತಪ್ಪನ್ನು ಒಪ್ಪಿಕೊಂಡು ಸರಿಯಾದ ಹೆಸರನ್ನು ಪರ್ಯಾಯವಾಗಿ ಮಾತ್ರ ಸೇರಿಸಿದ್ದಾರೆ. ಸಂಕೇತಗಳ ಸಂಖ್ಯಾಕ್ರಮದಲ್ಲಿ ಪದಗಳನ್ನು ಜೋಡಿಸಿದರೆ ‘ಳ’ ಕಾರವು ‘ಹ’ ಕಾರದ ಅನಂತರ ಬಾರದೆ ‘ಲ’ ಕಾರದ ಬೆನ್ನಿಗೇ ನಿಲ್ಲುತ್ತದೆ. ಗಣಕದಿಂದ ಪದಸೂಚಿ ಮಾಡುವವರು ಇದನ್ನೂ ಗಮನಿಸಬೇಕು.

ಕೊಪಣದ ಸೀಮೆಯ ಬಂಡೆಗಳು ಎರಡು ಸಾವಿರ ವರ್ಷಗಳಿಗೂ ಮೀರಿ ತಮ್ಮ ಪಾಠವನ್ನು ಕಾಪಾಡಿಕೊಂಡಿವೆ. ಓದುವವರು ಇಲ್ಲದ ಶತಮಾನಗಳಲ್ಲಿಯೂ ಕಾಪಾಡಿದುವು. ೧೮೩೭ರಲ್ಲಿ ಪ್ರಿನ್ಸೆಪ್ಪನು ಬ್ರಾಹ್ಮಿಯ ಕೀಲಿಯನ್ನು ಕಂಡುಹಿಡಿದ ಬಳಿಕ, ಕಂಡ ಪಾಠವನ್ನು ಓದುವುದಕ್ಕೆ ತಡವಾಗಲಿಲ್ಲ. ಗಣಕದಲ್ಲಿ ನಾವು ಇಡುವ ಪಾಠಕ್ಕೆ ಅಷ್ಟು ಆಯುಸ್ಸನ್ನು ಯಾರೂ ಆಶಿಸಲಾರರು. ಆದರೂ ಊರೂರಿನ ಹೆಸರುಗಳನ್ನೂ ಹಾಡುಗಳನ್ನೂ ಸಂಗ್ರಹಿಸುತ್ತಿರುವ ಅಧ್ಯಾಪಕರು ಮೊದಲ ದಿನ ತಮ್ಮ ಸ್ಥಳೀಯ ಸರ್ವರಿನಲ್ಲಿ ಒಂದು ಊರಿನ ಹೆಸರನ್ನು ಬರೆದು, ಮೂರು ರೀತಿಯಿಂದ ಎಣಿಸಿ, ೬, ೧೦, ೩೦ ಸರಿಯಾಗಿ ಬಂದ ಮೇಲೆ ಮಾತ್ರ ಉಳಿದ ಸಾವಿರ ಹೆಸರುಗಳನ್ನು ತುಂಬುವುದಾದರೆ, ಮುಂದಿನವರಿಗೆ ಪ್ರಶ್ನೆಚಿಹ್ನೆಗಳ ಬದಲು ಕನ್ನಡವು ದೊರೆಯುವುದೆಂದು ನಂಬಬಹುದು.